ದೂರದ ಸೈಕಲ್ ಯಾತ್ರೆ: ಮೊದಲು ಮೊಣಕಾಲು ಸಿದ್ಧವಾಗಲಿ



ಕಳೆದ ಸಂಚಿಕೆಯಲ್ಲಿ ತೆಂಗಿನ ಬುಡಕ್ಕೆ ಹಸಿರೆಲೆ ಗೊಬ್ಬರ ಕೊಡುವ ವಿಷಯ ಬರೆದಿದ್ದೆ. ಅದರ ಮುಂದುವರಿದ ಭಾಗವನ್ನು ಈ ತಿಂಗಳು ತಡೆಹಿಡಿದು ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಉಡುಮಲೈಪೇಟೆಯ ಎಂಟು ಮಂದಿ ಯುವಕರು ಬರುವ ಆಗಸ್ಟ್ ಕೊನೆಯಲ್ಲಿ ವೇಲಾಂಕಣಿಗೆ ಸೈಕಲ್ಲಿನಲ್ಲೇ ಹೋಗಬೇಕೆಂದು ನಿಶ್ಚಯಿಸಿದ್ದಾರೆ. ಆಗಸ್ಟ್ 29ರಂದು ಅಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ 8ರಂದು ಹಬ್ಬ. ಈಗ ಏಪ್ರಿಲ್. ಗೊಬ್ಬರ ಒಂದು ತಿಂಗಳು ಕಾಯಬಹುದು, ಈ ಹುಡುಗರ ಅಭ್ಯಾಸ ಕಾಯುವಂತಿಲ್ಲ.

ಅವರಲ್ಲಿ ಒಬ್ಬನು ನೂಲಿನ ಗಿರಣಿಯಲ್ಲಿ ಕೆಲಸ ಮಾಡುವವನು. ಹೋದ ವರ್ಷವೂ ಹೊರಟಿದ್ದ. ಅಭ್ಯಾಸವೇನೂ ಇರಲಿಲ್ಲ; ಮನೆಯಿಂದ ಗಿರಣಿಗೆ ದಿನವೂ ಸೈಕಲ್ ತುಳಿಯುತ್ತೇನಲ್ಲ, ಅಷ್ಟು ಸಾಕೆಂಬ ಧೈರ್ಯ. ಮೊದಲ ದಿನವೇ ದಿಂಡಿಗಲ್ ಮುಟ್ಟಿದ. ಎರಡನೆಯ ದಿನ ಮಣಪ್ಪಾರೈ ಹತ್ತಿರ ಬಲಮೊಣಕಾಲು ಊದಿಕೊಂಡು, ಸೈಕಲ್ಲನ್ನು ಲಾರಿಗೆ ಹಾಕಿ ಬಸ್ಸಿನಲ್ಲಿ ಹಿಂತಿರುಗಿದ. ಗಿರಣಿಯಲ್ಲಿ ಎಂಟು ಗಂಟೆ ನಿಂತೇ ಮಾಡುವ ಕೆಲಸ. ಮೂರು ವಾರದ ಕೂಲಿ ಹೋಯಿತು. ಈ ವರ್ಷ ಅವನ ತಾಯಿ ನನ್ನಲ್ಲಿಗೆ ಬಂದು, "ಸ್ವಾಮಿ, ಹೋಗಬೇಡ ಅಂತ ನಾನು ಹೇಳೋದಿಲ್ಲ. ಆದರೆ ಹೋಗಿ ಬಂದ ಮೇಲೂ ಅವನು ನಿಂತು ಕೆಲಸ ಮಾಡಬೇಕಲ್ಲ" ಎಂದರು. ಆ ಮಾತಿಗೆ ಉತ್ತರವಾಗಿ ಈ ಲೇಖನ.

ದಾರಿಯ ಲೆಕ್ಕ ಮೊದಲು ನೋಡೋಣ. ಕೊಯಮತ್ತೂರಿನಿಂದ ನಾಗಪಟ್ಟಣದವರೆಗೆ ಹೋಗುವ 83ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ನಮ್ಮ ಊರಿನ ಮೂಲಕವೇ ಹಾದುಹೋಗುತ್ತದೆ. ಪಳನಿ, ಒಟ್ಟನ್‌ಛತ್ರಂ, ದಿಂಡಿಗಲ್, ಮಣಪ್ಪಾರೈ, ತಿರುಚ್ಚಿ, ತಂಜಾವೂರು, ತಿರುವಾರೂರು ದಾಟಿ ನಾಗಪಟ್ಟಣ. ಅಲ್ಲಿಂದ ವೇಲಾಂಕಣಿ ಸಮೀಪ. ಒಟ್ಟು ಸುಮಾರು 340 ಕಿ.ಮೀ. ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 85. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತೇವೆ. ಅಂದರೆ ದಿನಕ್ಕೆ ಒಂದೊಂದು ಮೊಣಕಾಲೂ ಹದಿನೈದು ಸಾವಿರಕ್ಕೂ ಹೆಚ್ಚು ಸಲ ಮಡಿಸಿ ಬಿಚ್ಚಬೇಕು. ಸೀಟಿನ ಎತ್ತರದಲ್ಲಿ ಅರ್ಧ ಅಂಗುಲದ ತಪ್ಪಿದ್ದರೂ ಆ ತಪ್ಪು ಹದಿನೈದು ಸಾವಿರ ಸಲ ಪುನರಾವರ್ತನೆಯಾಗುತ್ತದೆ.

ಅಭ್ಯಾಸ ಆರಂಭಿಸಿದವರೆಲ್ಲರೂ ಮೋಸಹೋಗುವ ಒಂದು ಸಂಗತಿಯಿದೆ. ದೇಹದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಬಲಗೊಳ್ಳುವುದಿಲ್ಲ. ಸೈಕಲ್ ತುಳಿಯಲು ತೊಡಗಿದ ಒಂದೆರಡು ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಡಿಸುತ್ತದೆ. ಮಾಂಸಖಂಡಗಳು ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಆದರೆ ಮಾಂಸವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಆದ್ದರಿಂದ ಮೂರನೆಯ ವಾರದಿಂದ ಆರನೆಯ ವಾರದೊಳಗೆ ಉಸಿರು "ಇನ್ನೂ ಹೋಗು" ಎನ್ನುತ್ತದೆ, ಮೊಣಕಾಲು ಇನ್ನೂ ತಯಾರಿರುವುದಿಲ್ಲ. ಹೆಚ್ಚಿನವರು ಪೆಟ್ಟು ಮಾಡಿಕೊಳ್ಳುವುದು ಈ ಅವಧಿಯಲ್ಲೇ. ನಾನೂ ತರುಣನಾಗಿದ್ದಾಗ, ತಿಂಗಳ ಅಭ್ಯಾಸದ ಹುಮ್ಮಸ್ಸಿನಲ್ಲಿ, 30 ಕಿ.ಮೀ.ನಿಂದ ಒಂದೇ ನೆಗೆತಕ್ಕೆ 70ಕ್ಕೆ ಹಾರಿ ಹೋಗಿ, ಮುಂದಿನ ಒಂದು ತಿಂಗಳು ಮೊಣಕಾಲೂರಲಾಗದೆ ನಿಂತೇ ಪ್ರಾರ್ಥಿಸಬೇಕಾಯಿತು.

ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕಾಂಗೇಯಂ ಹೋರಿಯನ್ನು ಪಳಗಿಸುವಾಗ ಮೊದಲ ದಿನವೇ ಯಾರೂ ಭಾರದ ಗಾಡಿಗೆ ಕಟ್ಟುವುದಿಲ್ಲ. ಹಳೆಯ ಎತ್ತಿನ ಜೊತೆ ಬರಿಯ ನೊಗ ಹೊರಿಸಿ ನಡೆಸುತ್ತಾರೆ. ಆಮೇಲೆ ಕುಂಟೆ, ಆಮೇಲೆ ನೇಗಿಲು, ಕಡೆಗೆ ಗಾಡಿ. ಅವಸರ ಮಾಡಿದರೆ ಹೋರಿಯ ಶಕ್ತಿಗೆ ಏನೂ ಆಗುವುದಿಲ್ಲ, ಹೆಗಲು ಹುಣ್ಣಾಗುತ್ತದೆ. ಆ ಹುಣ್ಣು ಮಾಯುವವರೆಗೆ ಉಳುಮೆಯೇ ನಿಲ್ಲುತ್ತದೆ.

ವಾರಕ್ಕೆ ಎಷ್ಟು ಹೆಚ್ಚಿಸಬಹುದು? "ಹಿಂದಿನ ವಾರಕ್ಕಿಂತ ನೂರಕ್ಕೆ ಹತ್ತು" ಎಂಬ ನಿಯಮವನ್ನು ಎಲ್ಲ ತರಬೇತಿ ಪುಸ್ತಕಗಳೂ ಹೇಳುತ್ತವೆ. ಓಟಗಾರರಿಂದ ಸೈಕಲ್ಲಿನವರಿಗೆ ಬಂದ ನಿಯಮವಿದು. ಹಾಲೆಂಡಿನ ಗ್ರೋನಿಂಗೆನ್‌ನಲ್ಲಿ ಹೊಸದಾಗಿ ಓಡಲು ಕಲಿಯುವ 532 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶೇ. 10ರ ಲೆಕ್ಕದಲ್ಲಿ 13 ವಾರ, ಇನ್ನೊಂದಕ್ಕೆ ಬೇಗ ಬೇಗ ಏರುವ 8 ವಾರದ ಅಭ್ಯಾಸ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡೂ ಗುಂಪಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಪೆಟ್ಟಾಗಿತ್ತು. ಆದ್ದರಿಂದ ಈ ಹತ್ತನ್ನು ಹತ್ತು ಆಜ್ಞೆಗಳ ಸಾಲಿಗೆ ಸೇರಿಸಬೇಕಿಲ್ಲ. ವಾರಕ್ಕೆ 20 ಕಿ.ಮೀ. ತುಳಿಯುವವನಿಗೆ ಶೇ. 10 ಎಂದರೆ ಎರಡೇ ಕಿ.ಮೀ.; ಅವನು ಐದು ಹೆಚ್ಚಿಸಿದರೂ ಭಯವಿಲ್ಲ. 200 ತುಳಿಯುವವನಿಗೆ ಅದೇ ಶೇ. 10 ಎಂದರೆ 20, ಅದು ಭಾರವೇ. ಚಿಕ್ಕ ಮೊತ್ತದಲ್ಲಿ ಸ್ವಲ್ಪ ಧಾರಾಳ, ದೊಡ್ಡ ಮೊತ್ತದಲ್ಲಿ ಬಿಗಿ, ಮತ್ತು ಪ್ರತಿ ನಾಲ್ಕನೆಯ ವಾರ ಇಳಿಕೆ. ಈ ಮೂರನೆಯದನ್ನೇ ನಮ್ಮವರು ಮರೆಯುವುದು. ವಿಶ್ರಾಂತಿಯ ವಾರವನ್ನು ಸೋಮಾರಿತನವೆಂದು ತಿಳಿಯುತ್ತಾರೆ. ದೇಹ ಬಲಗೊಳ್ಳುವುದು ತುಳಿಯುವಾಗಲ್ಲ, ತುಳಿದು ಮಲಗಿದಾಗ.

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿಗಾದರೂ ಸಲ್ಲುತ್ತದೆ. ನಮ್ಮ ಊರಿಗೆ ಇನ್ನೊಂದು ಮಾತು ಸೇರಿಸಬೇಕು: ಗಾಳಿ. ಪಶ್ಚಿಮ ಘಟ್ಟ ಪಾಲಕ್ಕಾಡಿನ ಬಳಿ ಬಾಗಿಲು ತೆರೆದಂತೆ ಬಿಟ್ಟುಕೊಂಡಿದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಆ ಬಾಗಿಲಿನಿಂದ ನುಗ್ಗಿ ಪೊಲ್ಲಾಚಿ, ಉಡುಮಲೈಪೇಟೆಗಳ ಬಯಲಿನ ಮೇಲೆ ಪೂರ್ವಕ್ಕೆ ಬೀಸುತ್ತದೆ. ನಮ್ಮ ಸುತ್ತಲಿನ ಹೊಲಗಳಲ್ಲಿ ಇಷ್ಟೊಂದು ಗಾಳಿಯಂತ್ರಗಳು ನಿಂತಿರುವುದು ಇದೇ ಕಾರಣಕ್ಕೆ. ಅಭ್ಯಾಸದ ತಿಂಗಳುಗಳೂ ಇವೇ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೀವು ಗಂಟೆಗೆ 16 ಕಿ.ಮೀ. ಹೋಗುತ್ತಿದ್ದೀರಿ, ಎದುರಿನಿಂದ ಗಾಳಿಯೂ 16ರಲ್ಲಿ ಬರುತ್ತಿದೆ ಎನ್ನಿ. ನಿಮ್ಮ ಎದೆಗೆ ಬಡಿಯುವುದು 32ರ ಗಾಳಿ. ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಪಳನಿ ಕಡೆಗೆ ಹೊರಟ ಹುಡುಗರು ಬೆನ್ನಗಾಳಿಯಲ್ಲಿ 35 ಕಿ.ಮೀ. ಹಾರಿದಂತೆ ಹೋಗಿ, "ನಾವು ಗಟ್ಟಿಗರು" ಎಂದುಕೊಂಡು, ಹಿಂದಕ್ಕೆ ತಿರುಗಿದಾಗ ಮಡತ್ತುಕುಳಂ ಮುಟ್ಟುವಷ್ಟರಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವುದನ್ನು ನಾನೇ ಕಂಡಿದ್ದೇನೆ. ಅದಕ್ಕಾಗಿ ಅಭ್ಯಾಸದ ದಿನ ಮೊದಲು ಪಶ್ಚಿಮಕ್ಕೆ, ಪೊಲ್ಲಾಚಿ ದಿಕ್ಕಿಗೆ ಹೋಗಿ. ಬೆಳಗಿನ ಜಾವ ಗಾಳಿ ಕಡಿಮೆ, ಕಾಲಿನಲ್ಲಿ ಕಸುವೂ ಇರುತ್ತದೆ. ಬಿಸಿಲೇರಿ ಗಾಳಿ ಎದ್ದಾಗ ಅದೇ ನಿಮ್ಮನ್ನು ಮನೆಗೆ ತಳ್ಳುತ್ತದೆ.

ಗಾಳಿಯ ಊರಿನಲ್ಲಿ ಕಿಲೋಮೀಟರ್ ಒಂದೇ ಸರಿಯಾದ ಅಳತೆಯಲ್ಲ. ಕಾರ್ಲ್ ಫಾಸ್ಟರ್ ಎಂಬ ಅಮೆರಿಕದ ವಿಜ್ಞಾನಿ ರೂಢಿಗೆ ತಂದ ಒಂದು ಸುಲಭ ಲೆಕ್ಕ ನಮಗೆ ಹೆಚ್ಚು ಅನುಕೂಲ. ಸವಾರಿ ಮುಗಿದ ಅರ್ಧ ಗಂಟೆಯ ಮೇಲೆ, ಎಷ್ಟು ಕಷ್ಟವಾಯಿತೆಂದು ಹತ್ತಕ್ಕೆ ಅಂಕ ಕೊಟ್ಟುಕೊಳ್ಳಿ. ಅದನ್ನು ತುಳಿದ ನಿಮಿಷಗಳಿಂದ ಗುಣಿಸಿ. ಎರಡು ಗಂಟೆ ಹಾಯಾಗಿ ತುಳಿದು 4 ಅಂಕ ಬಂದರೆ 480. ಅದೇ ಎರಡು ಗಂಟೆ ಎದುರುಗಾಳಿಯಲ್ಲಿ ಏದುಸಿರು ಬಿಟ್ಟು 7 ಅಂಕ ಬಂದರೆ 840. ಕಿಲೋಮೀಟರ್ ಕಡಿಮೆಯಾಗಿದ್ದರೂ ದೇಹಕ್ಕೆ ಬಿದ್ದ ಭಾರ ಹೆಚ್ಚು. ಹಾಲಿನ ಲೆಕ್ಕ ಬರೆಯುವ ಚಿಕ್ಕ ಪುಸ್ತಕದಂಥದೊಂದರಲ್ಲಿ ಇದನ್ನು ಬರೆದಿಟ್ಟು, ವಾರದ ಒಟ್ಟು ಮೊತ್ತ ಹಿಂದಿನ ವಾರಕ್ಕಿಂತ ಒಮ್ಮೆಲೇ ನೆಗೆಯದಂತೆ ನೋಡಿಕೊಳ್ಳಬೇಕು. ಜೋರು ಗಾಳಿಯ ಭಾನುವಾರ, ನಿಶ್ಚಯಿಸಿದ ಕಿಲೋಮೀಟರಿನ ಮುಕ್ಕಾಲು ಭಾಗ ಹೋಗಿ ತಿರುಗಿದರೆ ಅವಮಾನವಿಲ್ಲ.

ಈಗ ನಮ್ಮ ಹುಡುಗರಿಗೆ ಹಾಕಿಕೊಟ್ಟ ಕ್ರಮ ಹೇಳುತ್ತೇನೆ. ಹದಿನಾರು ವಾರ, ಮೇ ಮೊದಲ ಭಾನುವಾರದಿಂದ. ಮುಂಜಾನೆ ಐದಕ್ಕೆ ಹೊರಡುವುದು. ದೂರ ಕಡಿಮೆ ಇರುವಾಗ ಪೂಜೆಯ ಹೊತ್ತಿಗೆ ಹಿಂದಿರುಗಬಹುದು, ದೂರ ಹೆಚ್ಚಿದಾಗ ಸಂಜೆಯ ಪೂಜೆಗೆ ಬರಲಿ. ಮೊದಲ ಮೂರು ವಾರ 25, 30, 36 ಕಿ.ಮೀ., ನಾಲ್ಕನೆಯ ವಾರ ಮತ್ತೆ 25. ಮುಂದೆ 40, 46, 52, ಇಳಿಕೆಗೆ 36. ಆಮೇಲೆ 58, 66, 74, ಇಳಿಕೆಗೆ 50. ಹದಿಮೂರನೆಯ ವಾರ 80. ಹದಿನಾಲ್ಕನೆಯ ವಾರ ಒಂದು ದಿನ ರಜೆ ಸೇರಿಸಿಕೊಂಡು, ಮೊದಲ ದಿನ 80, ಮರುದಿನವೇ 60. ಇದೇ ನಿಜವಾದ ಪರೀಕ್ಷೆ. ಒಂದು ದಿನ ದೂರ ಹೋಗುವುದು ಒಂದು ಸಂಗತಿ. ನೋಯುವ ಕುಂಡೆಯನ್ನು ಮರುದಿನ ಬೆಳಿಗ್ಗೆ ಅದೇ ಸೀಟಿನ ಮೇಲೆ ಇಡುವುದು ಬೇರೆಯೇ ಸಂಗತಿ. ಹದಿನೈದನೆಯ ವಾರ 45ಕ್ಕೆ ಇಳಿಸಿ, ಹದಿನಾರರಲ್ಲಿ ಹೊರಡುವುದು. ವಾರದ ನಡುವೆ ಮೂರು ನಾಲ್ಕು ದಿನ ತುಳಿದದ್ದೆಲ್ಲ ಕೂಡಿ ಭಾನುವಾರದ ದೂರಕ್ಕೆ ಸರಿಸಮವಾದರೆ ಒಳ್ಳೆಯದು. ಕೆಲಸಕ್ಕೆ ಹೋಗಿ ಬರುವುದೂ ಲೆಕ್ಕಕ್ಕೆ ಸೇರಲಿ. ಇಡೀ ವಾರ ಸುಮ್ಮನಿದ್ದು ಭಾನುವಾರ ಮಾತ್ರ 80 ತುಳಿಯುವುದು ಅಪಾಯ.

ಅಮರಾವತಿ ಅಣೆಕಟ್ಟಿನವರೆಗೆ ಹೋಗಿ ಬರಬಹುದು. ಅಲ್ಲಿಂದ ಮುಂದೆ ಚಿನ್ನಾರ್ ದಾರಿ ಆನೆಗಳದು. ಮುಂಜಾನೆಯ ಕತ್ತಲಲ್ಲಿ ಸದ್ದಿಲ್ಲದ ಸೈಕಲ್ ಅಲ್ಲಿಗೆ ಬೇಡ.

ನಡುವೆ ಜ್ವರ ಬಂದು ಎರಡು ವಾರ ತಪ್ಪಿದರೆ ಬಿಟ್ಟ ಕಡೆಯಿಂದ ಹಿಡಿಯಬಾರದು. ಅರ್ಧಕ್ಕೆ ಇಳಿದು ಏರಬೇಕು. ಚಿಕೂನ್‌ಗುನ್ಯಾ ಬಂದುಹೋದವರು ಕೀಲುನೋವು ಪೂರ್ತಿ ಬಿಡುವವರೆಗೆ ಈ ವರ್ಷದ ಯಾತ್ರೆಯನ್ನೇ ಬಿಡುವುದು ಲೇಸು.

ಸೈಕಲ್ಲಿನ ವಿಷಯ. ನಮ್ಮ ಕಡೆ ಅಪ್ಪನ ಸೈಕಲ್ಲನ್ನು ಮಗ, ಅಣ್ಣನದನ್ನು ತಮ್ಮ ತುಳಿಯುತ್ತಾರೆ. ಸೀಟು ಯಾರ ಅಳತೆಗೋ ಇರುತ್ತದೆ. ನೆಲಕ್ಕೆ ಕಾಲು ಸಿಗಬೇಕೆಂದು ಸೀಟನ್ನು ತಗ್ಗಿಸಿಕೊಳ್ಳುವ ಅಭ್ಯಾಸವೂ ಹೆಚ್ಚು. ಮೊಣಕಾಲಿನ ಮುಂಭಾಗದ ನೋವಿಗೆ ಇದೇ ಮುಖ್ಯ ಕಾರಣ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ಒತ್ತಿ. ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಮೊಣಕಾಲಿನ ಮುಂದೆ ನೋವೆಂದರೆ ಸೀಟು ತಗ್ಗಿರಬಹುದು, ಹಿಂದೆ ನೋವೆಂದರೆ ಎತ್ತರವಾಗಿರಬಹುದು, ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೂ ಎತ್ತರವೇ. ಬದಲಾಯಿಸುವಾಗ ಕಾಲು ಅಂಗುಲಕ್ಕಿಂತ ಹೆಚ್ಚು ಒಮ್ಮೆಲೇ ಬೇಡ. ಹೊಸ ಎತ್ತರಕ್ಕೂ ದೇಹ ಒಗ್ಗಬೇಕು. ಹೊರಡುವ ಹಿಂದಿನ ದಿನ ಹೊಸ ಸೀಟು ಹಾಕಿಸುವವರನ್ನು ಕಂಡರೆ ನನಗೆ ಮದುವೆಯ ದಿನ ಹೊಸ ಚಪ್ಪಲಿ ಕಚ್ಚಿಸಿಕೊಂಡ ಮದುಮಗನ ನೆನಪಾಗುತ್ತದೆ.

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ನರ ಹ್ಯಾಂಡಲ್ಲಿಗೆ ಒತ್ತಿಕೊಂಡಿದೆ ಎಂದರ್ಥ. ಮೊಣಕೈ ಸ್ವಲ್ಪ ಬಗ್ಗಿಸಿ, ಹಿಡಿತ ಆಗಾಗ ಬದಲಾಯಿಸಿ. ತೊಡೆಸಂದಿಯಲ್ಲಿ ಜೋಮಾದರೂ ನಾಚಿಕೊಳ್ಳದೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಒದ್ದೆ ಒಳಉಡುಪಿನಲ್ಲಿ ಗಂಟೆಗಟ್ಟಲೆ ಕುಳಿತರೆ ಹುಣ್ಣಾಗುತ್ತದೆ. ಹಿಂತಿರುಗಿದ ಕೂಡಲೇ ತೊಳೆದು ಒಣಗಿಸುವುದೇ ಮದ್ದು.

ನೀರಿನ ವಿಚಾರದಲ್ಲಿ ಎರಡೂ ಕಡೆಯ ತಪ್ಪು ನಡೆಯುತ್ತದೆ. ಕೆಲವರು ಕುಡಿಯುವುದೇ ಇಲ್ಲ. ಇನ್ನು ಕೆಲವರು ಬರಿಯ ನೀರನ್ನೇ ಚೊಂಬುಗಟ್ಟಲೆ ಕುಡಿದು ರಕ್ತದ ಉಪ್ಪನ್ನು ತೆಳುವಾಗಿಸಿಕೊಳ್ಳುತ್ತಾರೆ. ತಲೆನೋವು, ವಾಂತಿ, ಮಂಕು ಬರುವುದು ಇದರಿಂದಲೂ ಹೌದು. ಬಾಯಾರಿಕೆಯಾದಾಗ ಕುಡಿಯಿರಿ, ಉಪ್ಪು ಸೇರಿಸಿ ಕುಡಿಯಿರಿ. ಉಪ್ಪು ಹಾಕಿದ ನೀರುಮಜ್ಜಿಗೆ, ಗಂಜಿ ಎರಡೂ ಉತ್ತಮ. ಎಳನೀರು ನಮ್ಮ ಊರಿನ ವರವೇ ಸರಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪಿನಕಾಯಿಯೋ ಉಪ್ಪು ಕಡಲೆಯೋ ಇರಲಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು; ಮಕ್ಕಳ ಭೇದಿಗೆ ಕೊಡುವ ಈ ಪಾನಕವೇ ಇಲ್ಲೂ ನಡೆಯುತ್ತದೆ. ನಿಮಗೆಷ್ಟು ಬೇಕೆಂದು ತಿಳಿಯಲು ಸವಾರಿಗೆ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಕೊರತೆ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ.

ಒಂದು ಗಂಟೆಯ ಮೇಲಿನ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಎರಡು ಬಾಳೆಹಣ್ಣು ಸುಮಾರು 50 ಗ್ರಾಂ ಕೊಡುತ್ತದೆ. ಕಡಲೆಮಿಠಾಯಿ, ಬೆಲ್ಲ, ಇಡ್ಲಿ ಯಾವುದಾದರೂ ಸರಿ. ಹಸಿವು ಹೊಡೆಯುವವರೆಗೆ ಕಾಯಬಾರದು, ಅಷ್ಟರಲ್ಲಿ ಕಾಲು ಸೋತಿರುತ್ತದೆ. ವ್ರತವೆಂದು ಖಾಲಿ ಹೊಟ್ಟೆಯಲ್ಲಿ ತುಳಿಯುವವರಿಗೆ ಒಂದು ಮಾತು: ಉಪವಾಸಕ್ಕೆ ಬೇರೆ ದಿನಗಳಿವೆ.

ಯಾವ ನೋವಿಗೆ ನಿಲ್ಲಬೇಕು? ಹೊರಟ ಹತ್ತು ನಿಮಿಷಕ್ಕೆ ತಾನಾಗಿ ಬಿಡುವ ತೊಡೆಯ ನೋವಿಗೆ ಹೆದರಬೇಡಿ. ತುಳಿದಷ್ಟೂ ಏರುವ ನೋವು, ಕೀಲಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಮರುದಿನ ಮೆಟ್ಟಿಲಿಳಿಯುವಾಗ ಕುಟುಕುವ ನೋವು, ಊತ; ಇವು ಬಂದರೆ ಅಂದೇ ನಿಲ್ಲಿಸಬೇಕು. ಬೆಳಿಗ್ಗೆ ಏಳುವ ಮೊದಲು ನಾಡಿ ಎಣಿಸುವ ಅಭ್ಯಾಸ ಒಳ್ಳೆಯದು. ಎಂದಿಗಿಂತ ಎಂಟು ಹತ್ತು ಬಡಿತ ಹೆಚ್ಚಾಗಿ ಎರಡು ಮೂರು ದಿನ ಹಾಗೇ ಇದ್ದರೆ ದೇಹ ದಣಿದಿದೆ, ಇಲ್ಲವೇ ಜ್ವರ ಒಳಗೆ ಕುಳಿತಿದೆ.

ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗಿ ತುಳಿಯುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಮಾತ್ರೆಗಳು ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಎಚ್ಚರಿಸುವ ನೋವನ್ನೂ ಮುಚ್ಚಿಬಿಡುತ್ತವೆ. ಕಳೆದ ವರ್ಷ ನಮ್ಮ ಹುಡುಗ ದಿಂಡಿಗಲ್ಲಿನಲ್ಲಿ ಎರಡು ಮಾತ್ರೆ ನುಂಗಿಯೇ ಮಣಪ್ಪಾರೈವರೆಗೆ ಹೋಗಿದ್ದು. ಮೂತ್ರ ಕಡುಕಾಫಿಯ ಬಣ್ಣಕ್ಕೆ ತಿರುಗಿದರೆ ಮಾಂಸಖಂಡ ಕರಗಿ ರಕ್ತಕ್ಕೆ ಸೇರುತ್ತಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಿಸಿಲಿನಲ್ಲಿ ಜೊತೆಗಾರ ತೊದಲಿದರೆ, ಅಸಂಬದ್ಧ ಮಾತಾಡಿದರೆ, ಬೆವರುತ್ತಿದ್ದರೂ ಅದು ಉಷ್ಣಾಘಾತವಾಗಿರಬಹುದು. ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿ.

ನಲವತ್ತು ದಾಟಿದವರು, ರಕ್ತದೊತ್ತಡವಿರುವವರು, ಮೆಟ್ಟಿಲೇರಿದರೆ ಎದೆ ಬಿಗಿಯುವವರು ವೈದ್ಯರನ್ನು ಕಂಡೇ ಆರಂಭಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲೈಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ದೂರ ತುಳಿದ ದಿನ ರಾತ್ರಿಯೂ ಸಕ್ಕರೆ ಇಳಿಯಬಹುದು. ಹೆಂಗಸರೂ ಬರುತ್ತೇವೆಂದರೆ ಬಹಳ ಸಂತೋಷ; ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಸಾವಿರಾರು ಮಹಿಳೆಯರು ಸೈಕಲ್ ಕಲಿತು ಬೀದಿಗಿಳಿದದ್ದು ನಮಗೆಲ್ಲ ಪಾಠ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ ಅರ್ಧಕ್ಕಿಂತ ಹೆಚ್ಚು ಮಹಿಳೆಯರಲ್ಲಿ ರಕ್ತಹೀನತೆಯಿದೆ. ಬೇಗ ಏದುಸಿರು ಬಂದರೆ ಅದು ಅಭ್ಯಾಸದ ಕೊರತೆಯೆಂದು ತಿಳಿದು ಇನ್ನಷ್ಟು ತುಳಿಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಇನ್ನು ಯಾತ್ರೆಯ ದಿನಗಳು. ಆಗಸ್ಟಿನಲ್ಲಿ ಪೂರ್ವಕ್ಕೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ಮೊದಲ ದಿನ ದಿಂಡಿಗಲ್ ಸುಲಭವಾಗಿ ಸಿಕ್ಕಂತೆ ಕಾಣುವುದು ಇದರಿಂದಲೇ. ಒಟ್ಟನ್‌ಛತ್ರಂ ದಾಟಿ ಹೋಗಬೇಡಿ, ಸುಮಾರು 65 ಕಿ.ಮೀ.ಗೆ ಮೊದಲ ದಿನ ಮುಗಿಯಲಿ. ಸಾಧ್ಯವಿದ್ದರೆ ನಾಲ್ಕರ ಬದಲು ಐದು ದಿನ ಇಟ್ಟುಕೊಳ್ಳಿ. ಆಗ ದಿನಕ್ಕೆ 68 ಬರುತ್ತದೆ, ಅಭ್ಯಾಸದಲ್ಲಿ ತುಳಿದ 80ಕ್ಕಿಂತ ಕಡಿಮೆ. ಈ ಒಂದು ದಿನದ ರಜೆಗಾಗಿ ಗಿರಣಿಯ ಮೇಲ್ವಿಚಾರಕರನ್ನು ಈಗಲೇ ಕೇಳಿಡಲು ನಮ್ಮ ಹುಡುಗನಿಗೆ ಹೇಳಿದ್ದೇನೆ. ಮೂರು ವಾರದ ಕೂಲಿಗಿಂತ ಒಂದು ದಿನದ್ದು ಹೋಗಲಿ. ಕಡೆಯ ದಿನ ನಾಗಪಟ್ಟಣದ ಕಡೆ ಮಧ್ಯಾಹ್ನದ ಮೇಲೆ ಕಡಲಗಾಳಿ ಎದುರಾಗುವುದುಂಟು, ಆದ್ದರಿಂದ ಅಂದು ಎಲ್ಲ ದಿನಕ್ಕಿಂತ ಬೇಗ ಹೊರಡಿ. ಹಬ್ಬದ ದಿನಗಳಲ್ಲಿ ಹೆದ್ದಾರಿಯ ಅಂಚಿನಲ್ಲಿ ಪಾದಯಾತ್ರಿಕರೂ ಇರುತ್ತಾರೆ. ಸೈಕಲ್ಲಿಗೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಅಂಗಿಯ ಮೇಲೆ ಹೊಳೆಯುವ ಪಟ್ಟಿ ಇಲ್ಲದೆ ಯಾರೂ ಹೊರಡಬಾರದು; ಕತ್ತಲಾದ ಮೇಲೆ ದೀಪವಿದ್ದರೂ ತುಳಿಯಬಾರದು.

ಹಿಂತಿರುಗುವಾಗ ಸೈಕಲ್ಲುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಬನ್ನಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಗಾಳಿಯೆಲ್ಲ ಎದುರಿನಿಂದಲೇ ಬರುತ್ತದೆ. ಟೆಂಪೋದ ಬಾಡಿಗೆಗೆ ಎಂಟು ಮಂದಿಯೂ ಮೇ ತಿಂಗಳಿಂದಲೇ ವಾರಕ್ಕಿಷ್ಟೆಂದು ಕೂಡಿಡಲಿದ್ದಾರೆ, ಲೆಕ್ಕದ ಪುಸ್ತಕ ಆ ತಾಯಿಯ ಕೈಯಲ್ಲಿದೆ.